ಹಳೆಯ ವೀಡಿಯೊ ಟೇಪು: ಧ್ವನಿಯ ರಕ್ಷಣೆ

ಮುಂಬಯಿ ಹಾಗೂ ಉಪನಗರಗಳ ಅನೇಕ ಕನ್ನಡಿಗರ ಮನೆಗಳಲ್ಲಿ ಮದುವೆ, ಉಪನಯನ, ಯಕ್ಷಗಾನಗಳ ವಿ.ಎಚ್.ಎಸ್. ಕ್ಯಾಸೆಟ್‌ಗಳು ಇಂದಿಗೂ ಕಪಾಟಿನಲ್ಲಿವೆ. ಗತಿಸಿದ ಹಿರಿಯರ ಭಾವಚಿತ್ರ ಗೋಡೆಯ ಮೇಲಿರಬಹುದು. ಅವರ ಮಾತು ಉಳಿದಿರುವುದು ಈ ಟೇಪುಗಳಲ್ಲಿಯೇ. ಇವನ್ನು ಗಣಕಯಂತ್ರಕ್ಕೆ ಇಳಿಸುವಾಗ ಚಿತ್ರ ಚೆನ್ನಾಗಿದ್ದರೂ ಧ್ವನಿ ಮಂಕಾಗುವುದುಂಟು.

ಇದಕ್ಕೆ ಕಾರಣ ಟೇಪಿನ ರಚನೆ. 12.7 ಮಿ.ಮೀ. ಅಗಲದಲ್ಲಿ ಸಾಮಾನ್ಯ ಧ್ವನಿಗೆ ಮೀಸಲಾದುದು ಮೇಲಂಚಿನ ಸುಮಾರು 1 ಮಿ.ಮೀ. ಪಟ್ಟಿ ಮಾತ್ರ. ಅಂಚು ಸುಕ್ಕಾದರೆ ಧ್ವನಿಗೆ ಹಾನಿ ತಪ್ಪದು. ಮಳೆಗಾಲದ ತೇವದಿಂದ ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು; ಅದು ಇತರ ಟೇಪುಗಳಿಗೂ ಹರಡುತ್ತದೆ. ಅದರ ಧೂಳು ಆಸ್ತಮಾ ರೋಗಿಗಳಿಗೂ ಹಿತವಲ್ಲ.

ಮೊದಲು ಧ್ವನಿಯ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಗೊಳಿಸಬೇಕು. ಆಗಲೂ ಮಾತು ಮಂಕಾಗಿದ್ದರೆ, ಮುದ್ರಿಸಿದ ಯಂತ್ರದ ಹೆಡ್ಡಿನ ಓರೆಗೂ ಈ ಯಂತ್ರದ ಓರೆಗೂ ಹೊಂದಿಕೆಯಿಲ್ಲದಿರಬಹುದು. ಬಲ್ಲ ಮೆಕ್ಯಾನಿಕನಿಂದ ಸರಿಪಡಿಸಿಕೊಳ್ಳತಕ್ಕದ್ದು. ಹೈ-ಫೈ ಯಂತ್ರದಲ್ಲಿ ಚಟಪಟ ಸದ್ದು ಬಂದರೆ ಟ್ರ್ಯಾಕಿಂಗ್ ತಿದ್ದಬೇಕು, ಇಲ್ಲವೇ ಸಾಮಾನ್ಯ ಧ್ವನಿಪಟ್ಟಿಯನ್ನು ಆರಿಸಬೇಕು. 50 ಹರ್ಟ್ಸ್‌ನ ಗುಂಯ್‌ಗುಡುವಿಕೆಗೆ ಹಲವೊಮ್ಮೆ ಅರ್ತಿಂಗಿನ ವ್ಯತ್ಯಾಸ ಕಾರಣ; ಎರಡೂ ಯಂತ್ರಗಳಿಗೆ ಒಂದೇ ಪ್ಲಗ್ ಪಾಯಿಂಟಿನಿಂದ ವಿದ್ಯುತ್ ಒದಗಿಸಿ ನೋಡಬೇಕು. ತುಟಿಯ ಚಲನೆಗಿಂತ ಮಾತು ಕ್ರಮೇಣ ಹಿಂದೆ ಬಿದ್ದರೆ, ಇಳಿಸುವಾಗ ಚಿತ್ರದ ಕೆಲವು ಫ್ರೇಮುಗಳು ಬಿಟ್ಟುಹೋಗಿವೆಯೇ ಎಂದು ಪರೀಕ್ಷಿಸಬೇಕು.

ಇಳಿಸಿದ ಮೂಲಪ್ರತಿಯನ್ನು ಮುಟ್ಟದೆ, ಅದರ ನಕಲಿನಲ್ಲಿ ಮಾತ್ರ ಹಿನ್ನೆಲೆಯ ಸದ್ದನ್ನು ತುಸುವೇ ತಗ್ಗಿಸಬೇಕು. ಅತಿಯಾದರೆ ಮಾತಿನ ಜೀವವೇ ಹೋಗುತ್ತದೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಬಿಡಿಭಾಗಗಳು ವಿರಳವಾಗುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡದಿರುವುದು ಲೇಸು.