ನಿಘಂಟಿನ ಸಾಲಿನಲ್ಲಿ ಸಿಕ್ಕ ಕಸ್ತೂರಿ

ನಾ. ಕಸ್ತೂರಿಯವರನ್ನು ಇಂದು ಎರಡು ಬಗೆಯ ಜನ ನೆನೆಯುತ್ತಾರೆ. ಪುಟ್ಟಪರ್ತಿಯ ಭಕ್ತರಿಗೆ ಅವರು ಸತ್ಯಸಾಯಿಬಾಬಾ ಅವರ ಜೀವನಚರಿತ್ರೆ ಬರೆದವರು, ‘ಸನಾತನ ಸಾರಥಿ’ಯ ಸಂಪಾದಕರಾಗಿದ್ದವರು. ‘ಕೊರವಂಜಿ’ಯನ್ನು ಓದಿ ಬೆಳೆದ, ಸಂಖ್ಯೆಯಲ್ಲಿ ಈಗ ಕರಗುತ್ತಿರುವ ಕನ್ನಡಿಗರಿಗೆ ಅವರು ‘ಅನರ್ಥಕೋಶ’ದ ಕಸ್ತೂರಿ. ಈ ಎರಡು ಗುಂಪುಗಳ ಪರಸ್ಪರ ಪರಿಚಯ ಅಷ್ಟಕ್ಕಷ್ಟೆ.

ನಾನು ಎರಡನೆಯ ಗುಂಪಿಗೆ ತಡವಾಗಿ ಸೇರಿದವನು. ಗ್ರಂಥಾಲಯವೊಂದರಲ್ಲಿ ಪದವೊಂದರ ಅರ್ಥ ಹುಡುಕುತ್ತಿದ್ದಾಗ, ನಿಘಂಟುಗಳ ಸಾಲಿನಲ್ಲಿ ಯಾರೋ ಹೆಸರನ್ನು ನಂಬಿ ಇಟ್ಟಿದ್ದ ‘ಅನರ್ಥಕೋಶ’ ಕೈಗೆ ಬಂತು. ಹೋದ ಕೆಲಸ ಮರೆತು ಸಂಜೆಯವರೆಗೂ ನಗುತ್ತ ಕುಳಿತೆ. ಹಾಸ್ಯಗಾರನೊಬ್ಬನಿಗೆ ಆ ಕಪಾಟಿಗಿಂತ ದೊಡ್ಡ ಪ್ರಶಸ್ತಿ ಬೇರಾವುದಿದ್ದೀತು?

ಕಸ್ತೂರಿಯವರು ಹುಟ್ಟಿದ್ದು 1897ರಲ್ಲಿ, ಕೇರಳದ ತ್ರಿಪ್ಪುಣಿತ್ತುರದಲ್ಲಿ. ಮಾಸ್ತಿ, ಬೇಂದ್ರೆಯವರ ಮನೆಮಾತೂ ಕನ್ನಡವಾಗಿರಲಿಲ್ಲ, ನಿಜ; ಆದರೆ ಅವರು ಬೆಳೆದದ್ದು ಕನ್ನಡದ ನೆಲದಲ್ಲಿ. ಕಸ್ತೂರಿಯವರಾದರೋ ಓದು ಮುಗಿಸಿ, ಅಧ್ಯಾಪಕ ವೃತ್ತಿಗಾಗಿ ಮೈಸೂರಿಗೆ ಬಂದು ಈ ಭಾಷೆಯನ್ನು ಕಲಿತವರು. ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತಿದ್ದ ಅವರು, ರಾಶಿ ಎಂದೇ ಖ್ಯಾತರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಪ್ರಮುಖ ಲೇಖಕರಲ್ಲೊಬ್ಬರಾದರು.

ಹುಟ್ಟು ಕನ್ನಡಿಗನಿಗೆ ಪದವೆಂಬುದು ಒಂದೇ ಗಟ್ಟಿ. ಅದರೊಳಗಿನ ಬೆಸುಗೆ ಅವನ ಕಣ್ಣಿಗೆ ಬೀಳದು. ಕಲಿತು ಬಂದವನಿಗೆ ಮೊದಲು ಕಾಣುವುದೇ ಬೆಸುಗೆ. ಬಿಡಿಸಬಾರದ ಕಡೆ ಪದವನ್ನು ಬಿಡಿಸಿ, ಪಂಡಿತನ ಗಾಂಭೀರ್ಯದಿಂದ ಅಪಾರ್ಥ ಹೇಳುವ ಕಸ್ತೂರಿಯವರ ಕಲೆಯ ಮೂಲ ಇಲ್ಲಿದೆಯೆಂದು ನನ್ನ ನಂಬಿಕೆ. ವೇದಿಕೆಯ ಚಟಾಕಿಗಳನ್ನೇ ಹಾಸ್ಯಸಾಹಿತ್ಯವೆಂದು ತಿಳಿದಿರುವ ನಮಗೆ, ನಗಿಸಲು ಇಷ್ಟು ಭಾಷಾಜ್ಞಾನ ಬೇಕೆಂಬುದೇ ಮರೆತುಹೋಗಿದೆ.

ಅವರ ಕಿವಿ ಎಷ್ಟು ಸೂಕ್ಷ್ಮವೆಂಬುದಕ್ಕೆ ‘ಪಾತಾಳದಲ್ಲಿ ಪಾಪಚ್ಚಿ’ಯೇ ಸಾಕ್ಷಿ. ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಲೂಯಿಸ್ ಕೆರೊಲ್ ಸೃಷ್ಟಿಸಿದ ಆಲಿಸ್‌ಳನ್ನು ಮೈಸೂರಿನ ಇತಿಹಾಸದ ಮೇಷ್ಟ್ರು ಕನ್ನಡಕ್ಕೆ ತಂದರು. ಮೊಲದ ಬಿಲ ಪಾತಾಳವಾಯಿತು, ಆಲಿಸ್ ಪಾಪಚ್ಚಿಯಾದಳು. ‘ಪಾಪಚ್ಚಿ’ ಯಾವ ಪಠ್ಯಪುಸ್ತಕದಿಂದಲೂ ಕಲಿಯುವ ಮಾತಲ್ಲ. ಅದು ನಮ್ಮ ಮನೆಗಳ ನಡುಮನೆಯಲ್ಲಿ, ಮಗುವನ್ನು ಎತ್ತಿಕೊಂಡವರ ಬಾಯಲ್ಲಿ ಮಾತ್ರ ಕೇಳುವಂಥದು.

ನಿವೃತ್ತಿಯ ನಂತರ ಅವರು ಪುಟ್ಟಪರ್ತಿಯಲ್ಲಿ ನೆಲೆಸಿದರು, 1987ರಲ್ಲಿ ತೀರಿಕೊಂಡರು. ಅದು ಅವರ ಆಯ್ಕೆ, ಅದರ ಬಗ್ಗೆ ತಕರಾರಿಲ್ಲ. ಆ ಬದುಕನ್ನು ಭಕ್ತರು ಜೋಪಾನ ಮಾಡಿದ್ದಾರೆ. ನಮ್ಮ ಪಾಲಿನ ಕಸ್ತೂರಿಯನ್ನು ನಾವೇನು ಮಾಡಿದೆವು?

ಮೊನ್ನೆ ಅದೇ ಗ್ರಂಥಾಲಯಕ್ಕೆ ಮತ್ತೆ ಹೋಗಿದ್ದೆ. ನಿಘಂಟಿನ ಸಾಲಿನಲ್ಲಿ ‘ಅನರ್ಥಕೋಶ’ ಇರಲಿಲ್ಲ. ಸರಿಯಾದ ಜಾಗಕ್ಕೆ ಸೇರಿಸಿರಬಹುದೆಂದು ಹಾಸ್ಯದ ಕಪಾಟಿನಲ್ಲಿ ಹುಡುಕಿದೆ. ಅಲ್ಲಿಯೂ ಇರಲಿಲ್ಲ.