ಅಂತಾಕ್ಯದಲ್ಲಿ ಗೆಳೆಯರ ಊಟ

ತುರ್ಕಿಯ ಊಟದ ಸೊಗಸು ಒಂಟಿ ಪ್ರವಾಸಿಗೆ ಅರ್ಧ ಮಾತ್ರ ದಕ್ಕುತ್ತದೆ. ಅಲ್ಲಿ ಮೊದಲು ಬರುವ ‘ಮೆಝೆ’ ಎಂಬ ಸಣ್ಣ ಸಣ್ಣ ತಟ್ಟೆಗಳು ಒಬ್ಬೊಬ್ಬರಿಗೆ ಬಡಿಸತಕ್ಕವಲ್ಲ. ನಡುವೆ ಇರಿಸಿ, ರೊಟ್ಟಿ ಮುರಿದು ಎಲ್ಲರೂ ಹಂಚಿಕೊಳ್ಳತಕ್ಕವು. ನಾಲ್ವರು ಗೆಳೆಯರು ಕೂಡಿದರೆ ಏಳೆಂಟು ಬಗೆ ಸವಿಯಬಹುದು.

ಸಿರಿಯಾದ ಗಡಿಗೆ ಸಮೀಪದ ಅಂತಾಕ್ಯ ನಗರ ಇಂಥ ಊಟಕ್ಕೆ ಹೆಸರಾದುದು. ಬೆಂದ ಕಡಲೆಯನ್ನು ಎಳ್ಳಿನೊಡನೆ ನುಣ್ಣಗೆ ಅರೆದ ಹುಮ್ಮುಸ್, ಕೆಂಪು ಮೆಣಸಿನಕಾಯಿಗೆ ಆಕ್ರೋಟು ಬೆರೆಸಿದ ಮುಹಮ್ಮರ—ಇವು ಸಸ್ಯಾಹಾರಿಗಳಿಗೂ ಸಲ್ಲುತ್ತವೆ. ಮಾಂಸ ತಿನ್ನುವವರಿಗೆ ‘ತೆಪ್ಸಿ ಕಬಾಬ್’ ಉಂಟು: ಮಾಂಸದಂಗಡಿಯವನೇ ಮಾಂಸ ಕೊಚ್ಚಿ ಹರಿವಾಣದಲ್ಲಿ ಹರಡಿ, ರೊಟ್ಟಿ ಸುಡುವವನ ಒಲೆಯಲ್ಲಿ ಬೇಯಿಸಿ ತರಿಸುತ್ತಾನೆ. ಕೊನೆಗೆ ಕುನೆಫೆ. ಶಾವಿಗೆಯಂಥ ಎಳೆಗಳ ನಡುವೆ ಉಪ್ಪಿಲ್ಲದ ಚೀಸ್ ಇಟ್ಟು, ಬೆಣ್ಣೆಯಲ್ಲಿ ಕೆಂಪಗೆ ಬೇಯಿಸಿ, ಸಕ್ಕರೆಯ ಪಾಕ ಹೊಯ್ದ ಈ ಸಿಹಿಯನ್ನು ಬಿಸಿಯಿರುವಾಗಲೇ ತಿನ್ನಬೇಕು; ಆರಿದರೆ ಚೀಸ್ ಬಿಗಿಯುತ್ತದೆ.

ಅಂತಾಕ್ಯವಿರುವ ಹಟಾಯ್ ಪ್ರಾಂತವನ್ನು ಯುನೆಸ್ಕೊ 2017ರಲ್ಲಿ ಪಾಕಕಲೆಯ ನಗರಗಳ ಸಾಲಿಗೆ ಸೇರಿಸಿತು. ಆರು ವರ್ಷ ತುಂಬುವ ಮೊದಲೇ, 2023ರ ಫೆಬ್ರವರಿ 6ರಂದು, ಭೂಕಂಪದಿಂದ ಹಳೆಯ ಊರಿನ ಬಹುಭಾಗ ಕುಸಿಯಿತು. ತುರ್ಕಿಯಲ್ಲಿ 50,000ಕ್ಕೂ ಹೆಚ್ಚು ಜನ ಅಸುನೀಗಿದರು. ಬದುಕುಳಿದ ಕುನೆಫೆಗಾರರಲ್ಲಿ ಕೆಲವರು ತಾತ್ಕಾಲಿಕ ಮಳಿಗೆಗಳಲ್ಲಿ ಮತ್ತೆ ಒಲೆ ಹೊತ್ತಿಸಿದರು.

ಬಿದ್ದ ಗೋಡೆಗಳನ್ನು ಹಣದಿಂದ ಎಬ್ಬಿಸಬಹುದು. ಕೈರುಚಿ ಉಳಿಯಬೇಕಾದರೆ ಉಣ್ಣುವವರು ಬರಬೇಕು. ತುರ್ಕಿಗೆ ಹೊರಟ ಗೆಳೆಯರ ತಂಡ ಇಸ್ತಾಂಬುಲ್ ಕಂಡಷ್ಟಕ್ಕೇ ಹಿಂದಿರುಗದೆ ಅಂತಾಕ್ಯದಲ್ಲಿ ಒಂದು ಹೊತ್ತು ಉಂಡರೆ, ತಮ್ಮ ನಾಲಗೆಗೆ ಸವಿ, ಆ ಒಲೆಗಳಿಗೆ ಆಸರೆ.