ಹಲಸಿನ ದಿಂಡಿನ ಹೊಸ ಅವತಾರ

ಬೇಸಗೆ ಕಳೆದು ಮುಂಗಾರಿನ ಮೊದಲ ಹನಿಗಳು ಬೀಳುವ ಹೊತ್ತಿಗೆ ಗೊರಗುಂಟೆಪಾಳ್ಯದ ಗಾಳಿಗೆ ಹೊಸದೊಂದು ಪರಿಮಳ ಸೇರುತ್ತದೆ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಆ ಕೂಡುದಾರಿಯಲ್ಲಿ ಲಾರಿಗಳ ಹೊಗೆಯನ್ನೂ ಬಸ್ಸುಗಳ ಧೂಳನ್ನೂ ಮೀರಿ ಮೂಗಿಗೆ ತಾಗುವುದು ಹಲಸಿನ ಹಣ್ಣಿನ ಕಂಪು. ಮೇಲೆ ಮೆಟ್ರೋ ರೈಲು ಹಾದುಹೋಗುತ್ತಿರುತ್ತದೆ; ಕೆಳಗೆ ತಳ್ಳುಗಾಡಿಯ ವ್ಯಾಪಾರಿ ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಹಣ್ಣನ್ನು ಸೀಳಿ, ತೊಳೆಗಳನ್ನು ಬಿಡಿಸಿ ಜೋಡಿಸುತ್ತಿರುತ್ತಾನೆ. ಕೊಳ್ಳುವವರ ಕಣ್ಣೆಲ್ಲ ಹೊಂಬಣ್ಣದ ತೊಳೆಗಳ ಮೇಲೆ. ಗಾಡಿಯ ಕೆಳಗಿನ ಗೋಣಿಚೀಲದತ್ತ ನೋಡುವವರು ಯಾರು? ನಡುವಿನ ದಿಂಡು, ನಾರು, ಮುಳ್ಳುಸಿಪ್ಪೆ ಎಲ್ಲವೂ ಅದರೊಳಗೆ. ತೂಗಿ ನೋಡಿದರೆ ಹಣ್ಣಿನ ಅರ್ಧಕ್ಕಿಂತ ಹೆಚ್ಚು ಪಾಲು ಆ ಚೀಲಕ್ಕೇ ಸೇರಿದ್ದು. ಅದೃಷ್ಟವಿದ್ದರೆ ಅದು ದನದ ಬಾಯಿಗೆ. ಇಲ್ಲವಾದರೆ ಕಸದ ಲಾರಿಗೆ.

ಇಂಥ ದಿಂಡಿನ ಮೇಲೆಯೇ ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದ ವಿನ್ಸೆಂಟ್ ಗೋಮ್ಸ್ ಮತ್ತು ಅವರ ಸಂಗಡಿಗರ ದೃಷ್ಟಿ ಬಿತ್ತು. ಹಲಸಿನ ದಿಂಡನ್ನೂ, ಡೂರಿಯನ್ ಎಂಬ ಇನ್ನೊಂದು ಮುಳ್ಳುಹಣ್ಣಿನ ದಿಂಡನ್ನೂ ಮುಚ್ಚಿದ ಪಾತ್ರೆಯಲ್ಲಿ ಒತ್ತಡದಿಂದ ಬೇಯಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಕೊನೆಗೆ ಗಾಳಿ ಸೋಕದ ಕುಲುಮೆಯಲ್ಲಿ ಕಾಯಿಸಿದಾಗ ಅವರಿಗೆ ದೊರೆತದ್ದು ಕಪ್ಪಾದ, ಹೂವಿನಂತೆ ಹಗುರವಾದ, ಮೈತುಂಬ ಸೂಕ್ಷ್ಮರಂಧ್ರಗಳುಳ್ಳ ಇಂಗಾಲದ ಗಟ್ಟಿ. 2020ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ಅದನ್ನು ವಿದ್ಯುತ್ತನ್ನು ಹಿಡಿದಿಡುವ ಸಾಧನಕ್ಕೆ ಬಳಸಿದ್ದಾರೆ. ಆ ಸಾಧನದಲ್ಲಿ ವಿದ್ಯುತ್ತು ವಸ್ತುವಿನ ಮೇಲ್ಮೈಗೆ ಅಂಟಿ ನಿಲ್ಲುತ್ತದೆ. ರಂಧ್ರಗಳು ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಿದಷ್ಟೂ ಸಂಗ್ರಹ ಹೆಚ್ಚು.

‘ನೀರು ತೆಗೆಯುವುದಕ್ಕೆ ಇಷ್ಟೆಲ್ಲ ಆಡಂಬರವೇಕೆ, ಬಿಸಿಲಿಗೆ ಹರವಿದರಾಯಿತಲ್ಲ’ ಎಂದು ಗೃಹಿಣಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಅವರ ಮಾಳಿಗೆಯ ಮೇಲೆಯೇ ಇದೆ. ಬಾಳಕಕ್ಕೆಂದು ಒಣಹಾಕಿದ ಮೆಣಸಿನಕಾಯಿ ಸಂಜೆಗೆ ಸುಕ್ಕುಗಟ್ಟಿ ಮುದುಡಿರುತ್ತದೆ. ನೀರು ಸುಮ್ಮನೆ ಹೊರಟುಹೋಗುವುದಿಲ್ಲ. ಹೋಗುವಾಗ ತಾನಿದ್ದ ಸಣ್ಣ ಸಣ್ಣ ಕೋಣೆಗಳ ಗೋಡೆಗಳನ್ನು ತನ್ನೊಡನೆ ಎಳೆದು ಬೀಳಿಸಿಯೇ ಹೋಗುತ್ತದೆ. ಕೋಣೆ ಚಿಕ್ಕದಾದಷ್ಟೂ ಆ ಎಳೆತ ಪ್ರಬಲ. ಗೋಡೆಗಳನ್ನು ಉಳಿಸಿ ಬಾಡಿಗೆದಾರನನ್ನು ಮಾತ್ರ ಹೊರಗಟ್ಟುವುದು ಹೇಗೆ? ಈ ಕೆಲಸದ ಕಷ್ಟವೆಲ್ಲ ಅಡಗಿರುವುದು ಇಲ್ಲಿಯೇ.

ಮೊದಲು ದಾರಿ ಕಂಡವರು ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್. ದ್ರವಕ್ಕೂ ಆವಿಗೂ ಭೇದವೇ ಅಳಿಸಿಹೋಗುವಷ್ಟು ಶಾಖ ಮತ್ತು ಒತ್ತಡಗಳಿಗೆ ಒಯ್ದು, ಅನಂತರ ಮೆಲ್ಲನೆ ಆವಿಯನ್ನು ಹೊರಬಿಟ್ಟರೆ ಎಳೆತವೇ ಇರುವುದಿಲ್ಲವೆಂದು 1931ರಲ್ಲಿ ಅವರು ತೋರಿಸಿಕೊಟ್ಟರು. ಉಳಿದದ್ದು ಬಹುಪಾಲು ಗಾಳಿಯೇ ಆದ ಘನವಸ್ತು. ಅದಕ್ಕೆ ಅವರಿಟ್ಟ ಹೆಸರು ಏರೋಜೆಲ್. ಮರಳಿನ ಮೂಲವಾದ ಸಿಲಿಕದಿಂದ ಮಾತ್ರವಲ್ಲ, ಅಗರ್ ಮತ್ತು ಮೊಟ್ಟೆಯ ಬಿಳಿಯಿಂದಲೂ ಅವರು ಅದನ್ನು ತಯಾರಿಸಿದ್ದರೆಂಬುದು ಸ್ವಾರಸ್ಯದ ಸಂಗತಿ. ಅಡುಗೆಮನೆಗೂ ಈ ವಿದ್ಯೆಗೂ ನಂಟು ಆರಂಭದಿಂದಲೇ ಇದೆ.

ಎರಡನೆಯ ದಾರಿ ಹಿಮದ್ದು. ಡಬ್ಬಿಯಲ್ಲಿಟ್ಟ ಕರ್ಪೂರ ಕರಗದೆಯೇ ಸವೆದುಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ನೀರನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿಟ್ಟರೆ ಮಂಜುಗಡ್ಡೆಯೂ ಹಾಗೆಯೇ, ನೀರಾಗದೆ, ನೇರವಾಗಿ ಆವಿಯಾಗುತ್ತದೆ. ಗೋಡೆಗಳು ನಿಂತಲ್ಲೇ ನಿಲ್ಲುತ್ತವೆ. ಕನ್ನಡ ನಾಡಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ಸೈನಿಕರ ಬುತ್ತಿಯನ್ನು ಹಗುರಗೊಳಿಸಲು ಇದೇ ಕ್ರಮವನ್ನು ಬಳಸಿದೆ.

ಇನ್ನು ಹಾಲಿನ ಮಾತು. ಹಾಲೊಡೆಸಿ ಪನೀರು ಮಾಡುವಾಗ ಉಳಿಯುವ ತಿಳಿನೀರನ್ನು ಜಾಣ ಗೃಹಿಣಿ ಚಪಾತಿ ಹಿಟ್ಟಿಗೆ ಬೆರೆಸುತ್ತಾಳೆ. ಗಿಣ್ಣದ ಕಾರ್ಖಾನೆಗಳಲ್ಲಿ ಅದು ಹೊಳೆಯಂತೆ ಹರಿಯುತ್ತದೆ. ಅದರಲ್ಲಿನ ಪ್ರೋಟೀನನ್ನು ಆಮ್ಲ ಮತ್ತು ಶಾಖಗಳಿಂದ ಎಳೆಎಳೆಯಾಗಿಸಿ ಒಣಗಿಸಿ, ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ರಫಾಯೆಲೆ ಮೆಜ್ಜೆಂಗ ಅವರ ತಂಡ ಸ್ಪಂಜಿನಂಥ ಹಗುರ ವಸ್ತುವೊಂದನ್ನು ಮಾಡಿತು. ಹಳೆಯ ಕಂಪ್ಯೂಟರುಗಳ 20 ಫಲಕಗಳನ್ನು ಆಮ್ಲದಲ್ಲಿ ಕರಗಿಸಿ, ಆ ದ್ರವದಲ್ಲಿ ಸ್ಪಂಜನ್ನು ಅದ್ದಿದಾಗ ಅದು ಇತರ ಲೋಹಗಳಿಗಿಂತ ಚಿನ್ನವನ್ನೇ ಆರಿಸಿ ಹಿಡಿದುಕೊಂಡಿತು. 2024ರಲ್ಲಿ ಪ್ರಕಟವಾದ ಈ ಪ್ರಯೋಗದ ಫಲ 450 ಮಿಲಿಗ್ರಾಂ ತೂಕದ, 22 ಕ್ಯಾರೆಟ್ಟಿನ ಚಿನ್ನದ ತುಣುಕು! ಮೂಗುಬಟ್ಟಿಗೆ ಸಾಕಾದೀತು. ಕಂಪ್ಯೂಟರುಗಳ ನಗರವೆನಿಸಿದ ಬೆಂಗಳೂರಿನಲ್ಲಿ ಇಂಥ ಫಲಕಗಳಿಗೇನೂ ಬರವಿಲ್ಲ.

ಇವೆಲ್ಲ ಪ್ರಯೋಗಶಾಲೆಯ ಚಮತ್ಕಾರಗಳೆಂದು ತಳ್ಳಿಹಾಕುವವರು ತೆಂಗಿನ ಚಿಪ್ಪನ್ನು ನೆನೆಯಬೇಕು. 1918ರಲ್ಲಿ, ಮೊದಲ ಮಹಾಯುದ್ಧದ ವಿಷಾನಿಲಕ್ಕೆ ಹೆದರಿದ ಅಮೆರಿಕ, ಮುಖವಾಡಗಳ ಇದ್ದಲಿಗಾಗಿ ಪೀಚ್ ಹಣ್ಣಿನ ಗೊರಟ, ಕಾಯಿಗಳ ಚಿಪ್ಪು ಇವನ್ನು ಮನೆಮನೆಯಿಂದ ಕೂಡಿಸಿತು. ಒಂದು ಮುಖವಾಡಕ್ಕೆ ಸುಮಾರು 200 ಗೊರಟ ಬೇಕಾಗುತ್ತಿದ್ದವು. ಆ ಕೆಲಸಕ್ಕೆ ಅತ್ಯುತ್ತಮವೆಂದು ಕಂಡುಬಂದದ್ದು ತೆಂಗಿನ ಚಿಪ್ಪಿನ ಇದ್ದಲು. ಅದನ್ನು ಮತ್ತೆ ಉಗಿಯಲ್ಲಿ ಕಾಯಿಸಿ ಹದಗೊಳಿಸಿದರೆ, ಒಂದೇ ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರು, ಅಂದರೆ 30×40 ಅಳತೆಯ ಒಂಬತ್ತು ನಿವೇಶನಗಳಷ್ಟು! ಅನೇಕ ಮನೆಗಳ ನೀರಿನ ಫಿಲ್ಟರಿನಲ್ಲಿ ಕುಳಿತಿರುವುದು ಅದೇ ಇದ್ದಲು. ಗೊರಗುಂಟೆಪಾಳ್ಯದಿಂದ ಹೊರಟ ಹೆದ್ದಾರಿ ತುಮಕೂರಿನ ತೆಂಗಿನ ಸೀಮೆಗೇ ಮುಟ್ಟುತ್ತದೆ. ಆದರೆ ಗುಂಡಿಯಲ್ಲಿ ಚಿಪ್ಪು ಸುಡುವಾಗ ಏಳುವ ದಟ್ಟ ಹೊಗೆಯನ್ನು ಉಸಿರಾಡಬೇಕಾದವರು ಸುತ್ತಲಿನ ಹಳ್ಳಿಯವರು. ಹೊಗೆಯನ್ನು ಹಿಡಿಯುವ ಕುಲುಮೆಗಳಿವೆ. ಅವಕ್ಕೆ ಹಣ ಬೇಕು.

ಹಣದ ಪ್ರಶ್ನೆ ದಿಂಡಿಗೂ ತಪ್ಪಿದ್ದಲ್ಲ. ಹೆಪ್ಪುಗಟ್ಟಿಸಿ ಒಣಗಿಸಲು ವಿದ್ಯುತ್ತಿನ ವೆಚ್ಚ ಬಹಳ. ನಗರದ ಹಸಿಕಸವನ್ನೆಲ್ಲ ಏರೋಜೆಲ್ ನುಂಗಿಬಿಡುತ್ತದೆಂದು ನಂಬುವುದು ಭ್ರಮೆ. ಯಲಹಂಕದ ಕಡೆಯ ಮಾವಳ್ಳಿಪುರದ ಜನ ಬೆಂಗಳೂರಿನ ಕಸ ತಮ್ಮೂರಿಗೆ ಬೇಡವೆಂದು ಎದ್ದು ನಿಂತು, 2012ರಲ್ಲಿ ಅಲ್ಲಿನ ಕಸದ ಗುಡ್ಡೆ ಮುಚ್ಚಿದಾಗ ಬೀದಿಬೀದಿಯಲ್ಲಿ ಕೊಳೆತು ನಾತ ಬೀರಿದ್ದು ಹಸಿಯೂ ಒಣದೂ ಕಲೆತುಹೋದ ಕಸ. ಅದರಿಂದ ಗೊಬ್ಬರವನ್ನೂ ಸರಿಯಾಗಿ ಮಾಡಲಾಗದು. ಏರೋಜೆಲ್ಲಿನ ಮಾತು ದೂರ. ಪ್ಲಾಸ್ಟಿಕ್ ಚೂರು ಬೆರೆತ ದಿಂಡು ಯಾವ ಕುಲುಮೆಗೂ ಬೇಡ.

ಆದರೆ ಆ ತಳ್ಳುಗಾಡಿಯ ಕೆಳಗಿನ ಗೋಣಿಚೀಲದಲ್ಲಿ ಹಲಸನ್ನು ಬಿಟ್ಟು ಬೇರೇನೂ ಇಲ್ಲ. ವಿಜ್ಞಾನಿಗಳು ಬಯಸುವಂತೆ ಅದು ಆಗಲೇ ಬೇರ್ಪಟ್ಟಿದೆ. ಸಂಜೆ ಗಾಡಿ ಮುಚ್ಚುವಾಗ ವ್ಯಾಪಾರಿ ಅದರ ಬಾಯಿ ಕಟ್ಟಿ ರಸ್ತೆಯಂಚಿಗೆ ಸರಿಸುತ್ತಾನೆ. ಬೆಳಗ್ಗೆ ಲಾರಿ ಬಂದು ಎಲ್ಲದರೊಡನೆ ಸೇರಿಸಿ ಒಯ್ಯುತ್ತದೆ.